1930ರ ಜರ್ಮನ್ ಹಾಡಿನ ಸಿನಿಮಾ, ಅದರ ಫ್ರೆಂಚ್ ಕಾಪಿ: ಡಬ್ಬಿಂಗೋ, ಎರಡು ಸಲ ಶೂಟ್ ಮಾಡಿದ್ದೋ?

ಬಿಳಿಪರದೆ
ಎಲ್ಲರಿಗೂ ನಮಸ್ಕಾರ. ಊಫಾ ಕಂಪನಿಯ 1930ರ ಹಾಡು-ಹಾಸ್ಯದ ಸಿನಿಮಾ ‘ಡಿ ಡ್ರೈ ಫೋನ್ ಡೆರ್ ಟಾಂಕ್‌ಸ್ಟೆಲೆ’ಗೆ (ಪೆಟ್ರೋಲ್ ಬಂಕಿನ ಮೂವರು ಅನ್ನಿ) ಕನ್ನಡ ಸಬ್‌ಟೈಟಲ್ ಬರೀತಾ ಇದೀನಿ. ಅದರ ಫ್ರೆಂಚ್ ರೂಪ ‘ಲ ಶ್ಮೆಂ ದ್ಯು ಪಾರಾದಿ’ ಕೂಡ ಕೈಲಿದೆ. ಎರಡನ್ನೂ ಒಂದಾದ ಮೇಲೊಂದು ತೋರಿಸೋ ಯೋಚನೆ. ಮೂರು ಗೊಂದಲ:

ಒಂದು, ನಾಯಕಿ ಲಿಲಿಯನ್ ಹಾರ್ವೆ ಎರಡರಲ್ಲೂ ಇದ್ದಾಳೆ, ಗಂಡಸರು ಬೇರೆ ಬೇರೆ. ಹಾಗಾದ್ರೆ ಫ್ರೆಂಚಿನಲ್ಲಿ ಅವಳಿಗೆ ಬೇರೆಯವರು ದನಿ ಕೊಟ್ಟಿದಾರಾ?
ಎರಡು, ಫ್ರೆಂಚ್ ಕಾಪಿಯಲ್ಲಿ ಹಾಡು ಸ್ವಲ್ಪ ಮೇಲಿನ ಶ್ರುತಿಯಲ್ಲಿ ಕೇಳುತ್ತೆ, ಯಾಕೆ?
ಮೂರು, ಜರ್ಮನ್‌ಗೆ ಮಾಡಿದ ಸಬ್‌ಟೈಟಲ್ ಫೈಲಿನ ಟೈಮಿಂಗನ್ನೇ ಫ್ರೆಂಚಿಗೆ ಎತ್ತಿ ಹಾಕಬಹುದಾ?

ಕತ್ತರಿ_ಅಂಟು
ಮೂರನೇದಕ್ಕೆ ಮೊದಲು ಉತ್ತರ: ಖಂಡಿತ ಬೇಡ. ಅವು ಎರಡು ಬೇರೆ ಸಿನಿಮಾ. ಕತೆ, ಸೆಟ್ಟು, ರಾಗ ಒಂದೇ. ಶಾಟು ಒಂದೇ ಅಲ್ಲ.

ಆಗ ನಡೀತಿದ್ದ ಪದ್ಧತಿ ಹೀಗೆ. ಸೆಟ್ಟಿಗೆ ಲೈಟು ಕಟ್ಟಿ, ಕ್ಯಾಮೆರಾ ಇಟ್ಟು, ಜರ್ಮನ್ ನಟರ ಟೇಕು ಓಕೆ ಆದ ಮೇಲೆ ಅದೇ ಗುರುತುಗಳ ಮೇಲೆ ಫ್ರೆಂಚ್ ನಟರನ್ನ ನಿಲ್ಲಿಸ್ತಿದ್ರು. ಲೈಟು ಮುಟ್ಟೋ ಹಾಗಿಲ್ಲ, ಉಳಿತಾಯ ಇರೋದೇ ಅಲ್ಲಿ. ನಿರ್ಮಾಪಕ ಎರಿಕ್ ಪೊಮ್ಮರ್, ನಿರ್ದೇಶಕ ವಿಲ್‌ಹೆಲ್ಮ್ ಥೀಲೆ. ಫ್ರೆಂಚ್ ರೂಪಕ್ಕೆ ಥೀಲೆ ಜೊತೆ ಮಾಕ್ಸ್ ದ ವೋಕೋರ್ಬೈ. ಜರ್ಮನಿನಲ್ಲಿ ಮೂವರು ಗೆಳೆಯರು ವಿಲ್ಲಿ ಫ್ರಿಟ್ಷ್, ಓಸ್ಕರ್ ಕಾರ್ಲ್‌ವೈಸ್, ಹೈಂಜ್ ರ‍್ಯೂಮಾನ್. ಫ್ರೆಂಚಿನಲ್ಲಿ ಆನ್ರಿ ಗಾರಾ, ರನೆ ಲಫೆವ್ರ್, ಜಾಕ್ ಮೋರಿ. ಹಾರ್ವೆಗೆ ಯಾರೂ ದನಿ ಕೊಟ್ಟಿಲ್ಲ. ಅವಳು ಲಂಡನ್ನಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದವಳು; ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ತಾನೇ ಮಾತಾಡಿ ತಾನೇ ಹಾಡ್ತಿದ್ಲು. ಊಫಾದವರಿಗೆ ಅವಳು ಅಷ್ಟು ಬೇಕಾಗಿದ್ದೇ ಇದಕ್ಕೆ. ಒಬ್ಬಳ ಸಂಬಳ, ಮೂರು ಮಾರುಕಟ್ಟೆ.

ಗಾಂಧಿನಗರ_ಗಿರಾಕಿ
ಇಷ್ಟೆಲ್ಲ ರಗಳೆ ಯಾಕೆ ಗುರುವೇ? ಒಂದು ಸಲ ತೆಗೆದು ಫ್ರೆಂಚ್ ವಾಯ್ಸ್ ಹಾಕಿದ್ರೆ ಮುಗೀತಲ್ಲ. ನನಗೇನೋ ಇದು ಡಬ್ಬಿಂಗೇ ಅನ್ಸುತ್ತೆ, ದೂರದ ಶಾಟುಗಳು ಎರಡರಲ್ಲೂ ಒಂದೇ ಥರ ಇವೆ.

ಹಳೇ_ಪ್ರೊಜೆಕ್ಟರ್
ದೂರದ ಶಾಟು ಒಂದೇ ಥರ ಇರೋದಲ್ಲ, ಎಷ್ಟೋ ಕಡೆ ಒಂದೇ ನೆಗೆಟಿವ್ವು. ಕಾರು ರಸ್ತೆಯಲ್ಲಿ ಹೋಗೋದು, ಜನಜಂಗುಳಿ, ಊರಿನ ನೋಟ, ಇವಕ್ಕೆ ಭಾಷೆ ಎಲ್ಲಿದೆ? ಒಂದು ಸಲ ತೆಗೆದು ಎರಡಕ್ಕೂ ಅಂಟಿಸ್ತಿದ್ರು. ಅದನ್ನ ನೋಡಿ ಡಬ್ಬಿಂಗ್ ಅಂತ ತೀರ್ಮಾನಿಸಬೇಡಿ.

ಡಬ್ಬಿಂಗ್ ಯಾಕೆ ಮಾಡ್ಲಿಲ್ಲ ಅನ್ನೋದಕ್ಕೆ ಉತ್ತರ ಸೌಂಡ್ ಟ್ರ್ಯಾಕಿನಲ್ಲಿದೆ. 1929-30ರಲ್ಲಿ ಮಾತು, ಹಾಡು, ವಾದ್ಯ, ಬಾಗಿಲು ಬಡಿದ ಸದ್ದು ಎಲ್ಲ ಒಟ್ಟಿಗೇ ಒಂದೇ ಟ್ರ್ಯಾಕಿಗೆ ಇಳೀತಿತ್ತು. ನಟ ಹಾಡುವಾಗ ವಾದ್ಯಗೋಷ್ಠಿ ಫ್ರೇಮಿನಾಚೆ ಕೂತು ನುಡಿಸ್ತಿತ್ತು. ಈಗ ಜರ್ಮನ್ ದನಿ ಮಾತ್ರ ತೆಗೀಬೇಕು ಅಂದ್ರೆ ಹೇಗೆ ತೆಗೀತೀರಿ? ಹಾಲಿಗೆ ಹಾಕಿದ ಸಕ್ಕರೆ ಅದು. ದನಿ ತೆಗೆದ್ರೆ ಪಿಟೀಲೂ ಹೋಗುತ್ತೆ. ಪೂರ್ತಿ ವಾದ್ಯಗೋಷ್ಠಿಯನ್ನ ಮತ್ತೆ ಕೂರಿಸಬೇಕು.

ಮತ್ತೆ ಕೂರಿಸಿದ್ರೂ ಮುಗೀಲಿಲ್ಲ. ಎರಡು ಟ್ರ್ಯಾಕು ಸೇರಿಸಿ ಮೂರನೇದಕ್ಕೆ ಇಳಿಸಿದ್ರೆ ಎರಡರ ಸರಬರ ಸದ್ದೂ ಕೂಡಿಕೊಳ್ತಿತ್ತು. ಆ ಸರಬರ ತಗ್ಗಿಸಿ ರೆಕಾರ್ಡ್ ಮಾಡೋ ವಿಧಾನ ಅಮೆರಿಕದಲ್ಲಿ ಬಳಕೆಗೆ ಬಂದಿದ್ದು 1930ರ ಕೊನೆಗೆ. ಸದ್ದನ್ನ ಫಿಲ್ಮಿನ ಬದಲು ಡಿಸ್ಕಿನಲ್ಲಿ ಇಡ್ತಿದ್ದ ಕಾಲದ್ದಂತೂ ಇನ್ನೂ ಕಷ್ಟ. 1000 ಅಡಿ ರೀಲು, ಸುಮಾರು 11 ನಿಮಿಷ, ನಿಮಿಷಕ್ಕೆ 33⅓ ಸುತ್ತಿನ ಒಂದು ಡಿಸ್ಕು. ಅದರ ನಡುವಿನ ಒಂದು ಮಾತು ಬದಲಿಸೋಕೆ ಡಿಸ್ಕನ್ನ ಕತ್ತರಿಸೋಕಾಗುತ್ತಾ?

ಕತ್ತರಿ_ಅಂಟು
ಒಂದು ಸೇರಿಸ್ತೀನಿ. ಹಾಡನ್ನ ಮೊದಲೇ ರೆಕಾರ್ಡ್ ಮಾಡಿ ಸೆಟ್ಟಿನಲ್ಲಿ ಕೇಳಿಸ್ತಾ ತುಟಿ ಆಡಿಸೋ ಕ್ರಮ ಹಾಲಿವುಡ್ ಕಂಪನಿ ಎಂಜಿಎಂನವರ ‘ದಿ ಬ್ರಾಡ್‌ವೇ ಮೆಲೊಡಿ’ (1929) ಕಾಲಕ್ಕೇ ಬಂದಿತ್ತು. ಒಂದು ಕುಣಿತದ ದೃಶ್ಯವನ್ನ ಮರುಶೂಟ್ ಮಾಡಬೇಕಾಗಿ ಬಂದಾಗ ಹಳೇ ಸೌಂಡನ್ನೇ ಹಾಕ್ಕೊಂಡು ಕುಣಿಸಿದ್ರು. ಹಾಗಾಗಿ ‘ಎಲ್ಲವೂ ಒಟ್ಟಿಗೇ’ ಅನ್ನೋದು ಪೂರ್ತಿ ಸರಿಯಲ್ಲ, ಹಾಡುಗಳ ಮಟ್ಟಿಗೆ ಬೇಗನೇ ಬೇರೆಯಾಯ್ತು. ಸಮಸ್ಯೆ ಇದ್ದದ್ದು ಮಾತಿನ ಕೆಳಗೆ ಸಂಗೀತ ಹರಿಯೋ ಕಡೆ. ಹಾಡು-ಹಾಸ್ಯದ ಸಿನಿಮಾದಲ್ಲಿ ಅಂಥ ಜಾಗವೇ ಮುಕ್ಕಾಲು ಪಾಲು.

ಹಳೇ_ಪ್ರೊಜೆಕ್ಟರ್
ಒಪ್ಪಿದೆ. ಮಾತಿಂದ ಹಾಡಿಗೆ ಜಾರೋ ಜಾಗ ಅನ್ನಿ, ಅಲ್ಲೇ ಎಲ್ಲ ಕೆಡ್ತಿದ್ದದ್ದು.

ಮಾತ್ರೆಗಣ
ಡಬ್ಬಿಂಗೋ ಅಲ್ವೋ ಅಂತ ವಾದ ಮಾಡೋ ಬದಲು ಕಣ್ಣಲ್ಲೇ ನೋಡಬಹುದು. ಪವರ್ಗ ಸಾಕು, ಪ ಬ ಮ ಅನ್ನೋಕೆ ತುಟಿ ಮುಚ್ಚಲೇಬೇಕು.

ಗೆಳೆಯರ ಹಾಡು ತಗೊಳ್ಳಿ. ಸಂಗೀತ ವೆರ್ನರ್ ಹೈಮನ್, ಜರ್ಮನ್ ಸಾಹಿತ್ಯ ರಾಬರ್ಟ್ ಗಿಲ್ಬರ್ಟ್, ಫ್ರೆಂಚ್ ಸಾಹಿತ್ಯ ಝಾಂ ಬ್ವಾಯೆ. ಪಲ್ಲವಿಯ ಮೊದಲ ತುಂಡು:

ಜರ್ಮನ್: ಐನ್ / ಫ್ರಾಯ್ಂಡ್ / ಐನ್ / ಗೂ / ಟರ್ / ಫ್ರಾಯ್ಂಡ್
ಫ್ರೆಂಚ್: ಆ / ವ್ವಾರ್ / ಅಂ / ಬೋಂ / ಕೋ / ಪೆಂ

ಎರಡೂ ಆರು ಉಚ್ಚಾರ, ಒಂದೇ ರಾಗದ ಮೇಲೆ. ಎರಡನೇ ಜಾಗದಲ್ಲಿ ಜರ್ಮನ್ ಫ, ಫ್ರೆಂಚ್ ವ. ಎರಡೂ ಕೆಳತುಟಿ ಮೇಲ್ಹಲ್ಲಿಗೆ ತಾಗಿ ಹುಟ್ಟೋ ಸದ್ದು, ಪರದೆ ಮೇಲೆ ವ್ಯತ್ಯಾಸ ಗೊತ್ತಾಗಲ್ಲ. ನೋಡಬೇಕಾದ್ದು ನಾಲ್ಕು ಮತ್ತು ಆರು. ನಾಲ್ಕರಲ್ಲಿ ಜರ್ಮನ್ ‘ಗೂ’, ತುಟಿ ದುಂಡಾಗುತ್ತೆ, ಮುಚ್ಚಲ್ಲ. ಫ್ರೆಂಚ್ ‘ಬೋಂ’, ತುಟಿ ಮುಚ್ಚಲೇಬೇಕು. ಆರರಲ್ಲಿ ಜರ್ಮನ್ ಮತ್ತೆ ಹಲ್ಲಿಗೆ ತಾಗುತ್ತೆ, ಫ್ರೆಂಚ್ ‘ಪೆಂ’ಗೆ ಎರಡೂ ತುಟಿ ಕೂಡಬೇಕು. ಬಾಯಿ ಕಾಣೋ ಶಾಟಿನಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮು ಸರಿಸಿ. ಫ್ರೆಂಚ್ ಕಾಪಿಯಲ್ಲಿ 4 ಮತ್ತು 6ರ ಹತ್ತಿರ ತುಟಿ ಕೂಡಿದ್ರೆ ಅದು ಫ್ರೆಂಚಿನಲ್ಲೇ ಹಾಡಿ ತೆಗೆದದ್ದು.

ಅರ್ಥ ಸುಮಾರು ಒಂದೇ, ‘ಒಬ್ಬ ಒಳ್ಳೇ ಗೆಳೆಯ’. ಆದ್ರೆ ಜರ್ಮನಿನಲ್ಲಿ ‘ಫ್ರಾಯ್ಂಡ್’ ಎರಡು ಸಲ ಬಂದು ಎರಡೂ ಸಲ ಪೆಟ್ಟಿನ ಮೇಲೆ ಬೀಳುತ್ತೆ. ಬ್ವಾಯೆ ಆ ಪುನರುಕ್ತಿ ಬಿಟ್ಟು, ಫ್ರೆಂಚಿನ ಒತ್ತು ಕೊನೆಯ ಉಚ್ಚಾರದ ಮೇಲೆ ಬೀಳೋದನ್ನ ಉಪಯೋಗಿಸ್ಕೊಂಡು ‘ಕೋಪೆಂ’ ಅನ್ನೋ ಆಡುಮಾತಿನ ಪದವನ್ನ ಅಲ್ಲಿ ಕೂರಿಸಿದಾನೆ. ‘ಸ್ನೇಹಿತ’ ಅನ್ನೋ ಕಡೆ ‘ದೋಸ್ತ’ ಅಂದ ಹಾಗೆ. ಪದಕ್ಕೆ ಪದ ಇಟ್ಟಿದ್ರೆ ಆ ಹಾಡು ಫ್ರಾನ್ಸಿನಲ್ಲಿ ಅಷ್ಟು ಓಡ್ತಿರಲಿಲ್ಲ.

ಗಾಂಧಿನಗರ_ಗಿರಾಕಿ
ಈಗಷ್ಟೇ ನೋಡಿದೆ. ತುಟಿ ಕೂಡುತ್ತೆ. ಸೋತೆ.

ಧಾರವಾಡ_ಪೇಢೆ
ಸೋತ್ರಿ ಅಂತ ಒಪ್ಪಿಕೊಂಡ್ರಲ್ಲ, ಈ ಚರ್ಚಾದಾಗ ಅದs ದೊಡ್ಡ ಸುದ್ದಿ ನೋಡ್ರಿ 😄

ಸ್ವರಸ್ಥಾನ
ಶ್ರುತಿಯ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಬಹುಪಾಲು ಅದು ಸಿನಿಮಾದ ತಪ್ಪಲ್ಲ, ವಿಡಿಯೋ ಕಾಪಿಯದು. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮು. ಯುರೋಪಿನ ಡಿವಿಡಿಗಳು 25ಕ್ಕೆ ಓಡಿಸ್ತವೆ. 24ರದ್ದನ್ನ ಹಾಗೇ 25ಕ್ಕೆ ಹಾಕಿದ್ರೆ 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತೆ, ಶ್ರುತಿ ಸುಮಾರು 0.7 ಅರ್ಧಸ್ವರ ಏರುತ್ತೆ. ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಮುಕ್ಕಾಲು ದಾರಿ ಹೋಗಿ ನಿಂತ ಹಾಗೆ. ಯಾವ ಮನೆಗೂ ಸೇರಲ್ಲ, ಅದಕ್ಕೇ ಕಿವಿಗೆ ಒಂಥರಾ ಆಗೋದು.

ಅಳತೆ ಮಾಡೋ ಕ್ರಮ: ಒಂದೇ ಹಾಡಿನ ವಾದ್ಯದ ಆರಂಭ ಎರಡೂ ಕಾಪಿಯಿಂದ ತೆಗೆದು ಟ್ಯೂನರಿನಲ್ಲಿ ನೋಡಿ. ವ್ಯತ್ಯಾಸ 0.7ರ ಆಸುಪಾಸು ಬಂದ್ರೆ ವೇಗದ ತಪ್ಪು. ಸರಿಯಾಗಿ 1 ಅಥವಾ 2 ಅರ್ಧಸ್ವರ ಬಂದ್ರೆ ಬೇರೆ ಗಾಯಕನ ಗಂಟಲಿಗೆ ಅಂತ ಬೇಕಂತಲೇ ಶ್ರುತಿ ಬದಲಿಸಿದಾರೆ. ಫ್ರಿಟ್ಷ್ ಬೇರೆ, ಗಾರಾ ಬೇರೆ, ಅದೂ ಸಾಧ್ಯವೇ. ಈ ಎರಡನ್ನೂ ಕಲೆಸಿ ‘ಸರಿ ಮಾಡಿದ್ರೆ’ ಹಾಡೇ ಕೆಡುತ್ತೆ.

ಬಿಳಿಪರದೆ
ಅಳೆದೆ, 0.68 ಬಂತು. ವೇಗದ್ದೇ. ಆದ್ರೆ ವಿಡಿಯೋ-ಆಡಿಯೋ ತಿದ್ದೋ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಎಟೆಂಪೊ 0.96 ಹಾಕಿದ್ರೂ ಶ್ರುತಿ ಹಾಗೇ ಇದೆ!

ಸ್ವರಸ್ಥಾನ
ಇರಲೇಬೇಕು. ಎಟೆಂಪೊ ಕೆಲಸವೇ ಶ್ರುತಿ ಉಳಿಸಿ ವೇಗ ಬದಲಿಸೋದು. ನಿಮಗೆ ಎರಡೂ ಒಟ್ಟಿಗೆ ಇಳೀಬೇಕು. ಸೆಕೆಂಡಿಗೆ 48000 ಸ್ಯಾಂಪಲ್ಲಿನ ಆಡಿಯೋ ಆದ್ರೆ ಎಸೆಟ್‌ರೇಟ್ 46080 ಹಾಕಿ (48000 × 0.96), ಆಮೇಲೆ ಎರೀಸ್ಯಾಂಪಲ್ 48000. ಚಿತ್ರದ ಟೈಮನ್ನ 25/24ರಿಂದ ಗುಣಿಸಿ. ಎಟೆಂಪೊ ಬೇಕಾಗೋದು ಡಿವಿಡಿ ಮಾಡಿದವರೇ ಶ್ರುತಿ ಸರಿಮಾಡಿ ವೇಗ ಮಾತ್ರ ಬಿಟ್ಟಿದ್ದಾಗ. ಅದಕ್ಕೇ ಮೊದಲು ಅಳೀರಿ ಅಂದಿದ್ದು.

ಕತ್ತರಿ_ಅಂಟು
ಇನ್ನೊಂದು ಗುಂಡಿ: 25 ಫ್ರೇಮಿನ ಕಾಪಿಗೆ ಮಾಡಿದ ಸಬ್‌ಟೈಟಲನ್ನ 23.976ರ (ವಿಡಿಯೋದಲ್ಲಿ 24 ಹೀಗೆ ಬರುತ್ತೆ) ಕಾಪಿಗೆ ಹಾಕಿದ್ರೆ ಮೊದಲ ನಿಮಿಷ ಸರಿಯಿದ್ದಂತೆ ಕಾಣುತ್ತೆ. ಒಂದು ಗಂಟೆ ಆಗೋ ಹೊತ್ತಿಗೆ ಎರಡೂವರೆ ನಿಮಿಷ ಮುಂಚೆ ಬರ್ತಿರುತ್ತೆ. ಜನ ಅದನ್ನ ಹಿಂದೆ-ಮುಂದೆ ತಳ್ಳಿ ಸರಿ ಮಾಡೋಕೆ ಹೋಗಿ ಒದ್ದಾಡ್ತಾರೆ. ತಳ್ಳೋದಲ್ಲ, ಹಿಗ್ಗಿಸಬೇಕು. ಇದಕ್ಕಿರೋ ತಂತ್ರಾಂಶ ಸಬ್‌ಟೈಟಲ್ ಎಡಿಟ್‌ನಲ್ಲಿ ಫ್ರೇಮ್ ರೇಟ್ ಬದಲಿಸೋ ಆಯ್ಕೆ ಇದೆ, ಅಲ್ಲಿ 25ರಿಂದ 23.976 ಅಂತ ಕೊಡಿ. ಇದು ಒಂದೇ ಭಾಷೆಯ ಎರಡು ಕಾಪಿಗೆ ಮಾತ್ರ. ಜರ್ಮನಿಂದ ಫ್ರೆಂಚಿಗೆ ಹೇಗೂ ಹೊಸದಾಗೇ ಕೂರಿಸಬೇಕು.

ಹಳೇ_ಪ್ರೊಜೆಕ್ಟರ್
ಚೌಕಟ್ಟಿನ ಬಗ್ಗೆಯೂ ಎಚ್ಚರ. ಟ್ರ್ಯಾಕಿಗೆ ಜಾಗ ಬಿಟ್ಟಿದ್ದರಿಂದ ಆಗಿನ ಚಿತ್ರ ಹೆಚ್ಚುಕಮ್ಮಿ ಚೌಕ, ಸುಮಾರು 1.19ಕ್ಕೆ 1. ಆಮೇಲಿನ ಕಾಪಿಗಳಲ್ಲಿ 1.37ಕ್ಕೆ ಮೇಲೆ ಕೆಳಗೆ ಕತ್ತರಿಸಿರ್ತಾರೆ. ಒಂದು ಕಾಪಿ ಹಾಗೆ, ಇನ್ನೊಂದು ಹೀಗೆ ಇದ್ದಾಗ ‘ಫ್ರೆಂಚ್ ಕ್ಯಾಮೆರಾ ಹತ್ತಿರ ಇಟ್ಟಿದಾರೆ’ ಅಂತ ಬರೆದವರನ್ನ ನೋಡಿದೀನಿ. ಕ್ಯಾಮೆರಾ ಅಲ್ಲೇ ಇದೆ, ತಲೆ ಕತ್ತರಿಸಿದಾರೆ ಅಷ್ಟೇ.

ಮತ್ತೆ ಎರಡು ಪ್ರಿಂಟು ಸೇರಿಸಿ ಅಂಟಿಸಿದ ಕಾಪಿಯನ್ನ ಕಿವಿಯಿಂದ ಹಿಡೀಬಹುದು. ಪ್ರೊಜೆಕ್ಟರಿನಲ್ಲಿ ಫಿಲ್ಮು ಮೊದಲು ಚಿತ್ರದ ಕಿಂಡಿ ದಾಟಿ, ಆಮೇಲೆ ಕೆಳಗಿರೋ ಸೌಂಡ್ ಹೆಡ್ಡಿಗೆ ಬರುತ್ತೆ. ಅದಕ್ಕೇ ಸೌಂಡನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದೆ ಅಚ್ಚು ಮಾಡಿರ್ತಾರೆ. ಪ್ರಿಂಟನ್ನ ಕತ್ತರಿಸಿ ಅಂಟಿಸಿದ್ರೆ ಚಿತ್ರ ಬದಲಾದ ಮೇಲೂ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಳೇ ಸದ್ದೇ ಕೇಳಿಸುತ್ತೆ. ಫ್ರೆಂಚ್ ಮುಖದ ಮೇಲೆ ಜರ್ಮನ್ ಮಾತಿನ ಬಾಲ ಕೇಳಿಸಿದ್ರೆ ತಿಳ್ಕೊಳ್ಳಿ.

ಧಾರವಾಡ_ಪೇಢೆ
ಊಫಾದವರು ಶಿಸ್ತಿನ ಮಂದಿ ಬಿಡ್ರಿ. ಪ್ಯಾರಾಮೌಂಟ್‌ದವರು ಪ್ಯಾರಿಸ್ ಹತ್ರ ಜ್ವಾಂವೀಲ್‌ನಾಗ 1930ರಾಗ ತೆರೆದ ಅಂಗಡಿ ಕತಿ ಹೇಳ್ರಿ ಯಾರರೆ. ಒಂದs ಸೆಟ್ಟು, ಸ್ವೀಡನ್‌ದವ್ರು ಹೋದ್ರ ಸ್ಪೇನ್‌ದವ್ರು, ಅವ್ರ ಹಿಂದ ಇಟಲಿಯವ್ರು. ಹಗಲು ರಾತ್ರಿ ಪಾಳಿ. ಅದು ಸ್ಟುಡಿಯೋ ಅಲ್ಲ, ಗಿರಣಿ.

ಮತ್ತ ಹಾಲಿವುಡ್‌ದಾಗ ತೆಗೆದ ಸ್ಪ್ಯಾನಿಷ್ ಸಿನಿಮಾದ್ದು ಇನ್ನೊಂದು ಮಜಾ. ಅಪ್ಪ ಮೆಕ್ಸಿಕೋದವ, ಮಗ ಕ್ಯೂಬಾದವ, ಸೊಸಿ ಸ್ಪೇನ್‌ದಾಕಿ. ಒಂದs ಮನಿಯಾಗ ಮೂರು ಉಚ್ಚಾರ. ಸ್ಪ್ಯಾನಿಷ್ ಪತ್ರಿಕೆಯವ್ರು ಅದಕ್ಕ ‘ಉಚ್ಚಾರಗಳ ಯುದ್ಧ’ ಅಂತs ಹೆಸರಿಟ್ರು. ನಮ್ಮಲ್ಲಿ ಅಪ್ಪ ಕುಂದಾಪುರ, ಮಗ ಕಲಬುರ್ಗಿ, ಸೊಸಿ ಮಂಡ್ಯ ಅಂದಂಗಾತು. ಹಾಸ್ಯದ ಸಿನಿಮಾಕ್ಕ ಬ್ಯಾರೆ ಹಾಸ್ಯ ಬೇಕಾಗಿದ್ದಿಲ್ಲ.

ರೀಲು_ರಂಗಣ್ಣ
ಜ್ವಾಂವೀಲ್ ಬರೀ ಗಿರಣಿ ಅನ್ನೋದು ಸಿನಿಮಾ ಪುಸ್ತಕಗಳ ಹಳೇ ಪಲ್ಲವಿ. ‘ಮಾರಿಯುಸ್’ (1931) ಅಲ್ಲೇ ತೆಗೆದದ್ದು, ಅಲೆಕ್ಸಾಂಡರ್ ಕೋರ್ಡಾ ನಿರ್ದೇಶನ. ಅದಕ್ಕೆ ಜರ್ಮನ್, ಸ್ವೀಡಿಷ್ ರೂಪಗಳೂ ಅಲ್ಲೇ ಆದವು. ಈಗ ಜನ ನೆನೆಯೋದು ಫ್ರೆಂಚಿನದನ್ನ, ಯಾಕಂದ್ರೆ ಮೂಲ ನಾಟಕವೇ ಮಾರ್ಸೇ ಊರಿನ ಆಡುಮಾತಿನದು. ಅಂದ್ರೆ ಭಾಷೆ ಮಣ್ಣಿನದ್ದಾದಾಗ ಮಾತ್ರ ಒಂದು ರೂಪ ಉಳಿಯುತ್ತೆ.

ಹಾಡು-ಕುಣಿತದ ಸಿನಿಮಾಕ್ಕೆ ಅಮೆರಿಕನ್ನರು ಕಂಡುಕೊಂಡ ಅಗ್ಗದ ದಾರಿ ಬೇರೆ. ಕತೆಯೇ ಇಲ್ಲದ ರೆವ್ಯೂ ಮಾಡೋದು. ಹಾಡು ಕುಣಿತ ಹಾಗೇ ಇಟ್ಟು, ನಡುವೆ ಬಂದು ಮಾತಾಡೋ ನಿರೂಪಕನನ್ನ ಮಾತ್ರ ಬದಲಿಸೋದು. ಯೂನಿವರ್ಸಲ್‌ನ ‘ಕಿಂಗ್ ಆಫ್ ಜಾಝ್’ (1930), ಎರಡು ಬಣ್ಣದ ಟೆಕ್ನಿಕಲರ್, ಹೀಗೆ ಒಂಬತ್ತು ಭಾಷೆಗೆ ಹೋಯ್ತು. ಹಂಗೇರಿಯನ್ ನಿರೂಪಕ ಯಾರು ಗೊತ್ತಾ? ಬೇಲಾ ಲುಗೋಸಿ. ಮುಂದಿನ ವರ್ಷ ಡ್ರಾಕುಲಾ ಆದವನೇ. ‘ಪ್ಯಾರಾಮೌಂಟ್ ಆನ್ ಪೆರೇಡ್’ಗೂ ಇದೇ ಉಪಾಯ. ಜಪಾನಿಗೆ ಬೆನ್ಷಿಯೊಬ್ಬರನ್ನೇ ನಿಲ್ಲಿಸಿದ್ರು, ಮೂಕಿ ಚಿತ್ರಕ್ಕೆ ಪಕ್ಕದಲ್ಲಿ ನಿಂತು ಕತೆ ಹೇಳ್ತಿದ್ದ ಮಾತುಗಾರರು.

ಶಿರಸಿ_ಮಾಣಿ
ಲಾರೆಲ್ ಹಾರ್ಡಿ ಬಿಟ್ಟು ಮುಂದೆ ಹೋಗ್ತಿದ್ರಲ್ಲ. ಅವರಿಬ್ಬರೇ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಮಾತಾಡಿದ್ದು. ಒಂದು ಭಾಷೆಯೂ ಬರ್ತಿರಲಿಲ್ಲ. ಉಚ್ಚಾರವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕಪ್ಪುಹಲಗೆಯನ್ನ ಕ್ಯಾಮೆರಾ ಪಕ್ಕ ಹಿಡೀತಿದ್ರು, ಇವರು ಓದ್ತಿದ್ರು. ‘ಪಾರ್ಡನ್ ಅಸ್’ (1931) ನಾಲ್ಕೂ ಭಾಷೆಗೆ ಹೋಯ್ತು.

ರೀಲು_ರಂಗಣ್ಣ
ಅದನ್ನ ಗಮನವಿಟ್ಟು ನೋಡಿದ್ರೆ ಓದೋದು ಕಾಣುತ್ತೆ. ಮಾತಾಡೋವಾಗ ಕಣ್ಣು ಎದುರಿನವನ ಮುಖದಿಂದ ಒಂದು ಗೇಣು ಪಕ್ಕಕ್ಕೆ ಹೋಗಿರುತ್ತೆ. ಅವರ ಸ್ಪ್ಯಾನಿಷ್ ರೂಪಗಳು ಇಂಗ್ಲಿಷಿಗಿಂತ ಉದ್ದ ಕೂಡ, ಎರಡು ಕಿರುಚಿತ್ರ ಹೊಲಿದು ಒಂದು ಮಾಡ್ತಿದ್ರು. ‘ಬಿ ಬಿಗ್’, ‘ಲಾಫಿಂಗ್ ಗ್ರೇವಿ’ ಸೇರಿ ‘ಲೋಸ್ ಕಲವೇರಾಸ್’. ಅರ್ಧ ಸಿನಿಮಾ ಆದ ಮೇಲೆ ಕತೆ ಯಾಕೆ ಹಾರುತ್ತೆ ಅಂತ ಕೇಳೋರಿಗೆ ಉತ್ತರ ಇದು.

ಇಟಲಿಯಲ್ಲಂತೂ ಆ ತಪ್ಪು ಉಚ್ಚಾರವೇ ಜನಪ್ರಿಯವಾಯ್ತು. ಆಮೇಲೆ ಡಬ್ಬಿಂಗ್ ಶುರುವಾದಾಗ ಇಟಲಿಯ ಕಲಾವಿದರೇ ಬೇಕಂತ ಇಂಗ್ಲಿಷರ ಥರ ಇಟಾಲಿಯನ್ ಮಾತಾಡಿದ್ರು. ಹಾರ್ಡಿಯ ದನಿ ಆಲ್ಬರ್ಟೊ ಸೋರ್ಡಿ, ಮುಂದೆ ದೊಡ್ಡ ನಟನಾದವನು.

ಮಾತ್ರೆಗಣ
ಬಸ್ಟರ್ ಕೀಟನ್ನನ್ನೂ ಸೇರಿಸಿ. ಎಂಜಿಎಂನ ‘ಫ್ರೀ ಅಂಡ್ ಈಸಿ’ (1930) ಹಾಡು-ಹಾಸ್ಯವೇ, ಅದರ ಸ್ಪ್ಯಾನಿಷ್ ರೂಪ ‘ಎಸ್ತ್ರೆಯಾದೋಸ್’ನಲ್ಲೂ ಅವನೇ ಮಾತಾಡಿದಾನೆ. ಮುಖ ಕಲ್ಲು, ಉಚ್ಚಾರವೂ ಕಲ್ಲು, ಹೊಂದುತ್ತೆ!

ಕತ್ತರಿ_ಅಂಟು
ಇವೆಲ್ಲ ಹಾರ್ವೆಗೆ, ಮೋರಿಸ್ ಶೆವಾಲಿಯೇಗೆ ಸಾಟಿಯಲ್ಲ. ಹಲಗೆ ನೋಡಿ ಓದೋದು ಬೇರೆ, ಎರಡು ಭಾಷೆಯಲ್ಲಿ ಯೋಚಿಸೋದು ಬೇರೆ. ಶೆವಾಲಿಯೇ ಫ್ರೆಂಚನೇ. ಕ್ಲಾಡೆಟ್ ಕೋಲ್ಬೇರ್ ಫ್ರಾನ್ಸಿನಲ್ಲಿ ಹುಟ್ಟಿದವಳು. ‘ದಿ ಬಿಗ್ ಪಾಂಡ್’ (1930), ‘ದಿ ಸ್ಮೈಲಿಂಗ್ ಲೆಫ್ಟಿನೆಂಟ್’ (1931) ಎರಡಕ್ಕೂ ಫ್ರೆಂಚ್ ರೂಪಗಳಿವೆ, ಎರಡರಲ್ಲೂ ಈ ಜೋಡಿ. ಇಂಗ್ಲಿಷಿನಲ್ಲಿ ಅವನು ‘ಮುದ್ದಾದ ವಿದೇಶಿ’, ತಪ್ಪು ಉಚ್ಚಾರವೇ ಬಂಡವಾಳ. ಫ್ರೆಂಚಿಗೆ ಬಂದ ಕೂಡಲೇ ಅವನು ಸ್ಥಳೀಯ! ಇಂಗ್ಲಿಷಿನಲ್ಲಿ ಉಚ್ಚಾರದ ಮೇಲೆ ನಿಂತ ನಗು ಫ್ರೆಂಚಿಗೆ ದಾಟೋದೇ ಇಲ್ಲ, ಅಲ್ಲಿ ಬೇರೆ ನಗು ಹುಡುಕಬೇಕು. ನನ್ನ ಮಟ್ಟಿಗೆ ಬೇರೆ ಬೇರೆಯಾಗಿ ಶೂಟ್ ಮಾಡಿದ್ದರ ನಿಜವಾದ ಲಾಭ ಇದು. ಡಬ್ಬಿಂಗಿನಲ್ಲಿ ಪಾತ್ರ ಬದಲಾಗಲ್ಲ, ಇಲ್ಲಿ ಪಾತ್ರವೇ ಬದಲಾಗುತ್ತೆ.

ಹಳೇ_ಪ್ರೊಜೆಕ್ಟರ್
ನಿರ್ದೇಶಕ ಪಾಬ್ಸ್ಟ್ 1931ರಲ್ಲಿ ತೆಗೆದ ತ್ರೀಪೆನಿ ಆಪರಾ ಇದಕ್ಕೆ ಚೆನ್ನಾದ ಸಾಕ್ಷಿ. ಕೊಲೆಗಾರ ನಾಯಕನಾಗಿ ಜರ್ಮನಿನಲ್ಲಿ ರುಡಾಲ್ಫ್ ಫೋರ್ಸ್ಟರ್, ತಣ್ಣಗಿನ ಮನುಷ್ಯ. ಫ್ರೆಂಚಿನಲ್ಲಿ ಆಲ್ಬೇರ್ ಪ್ರೇಜಾಂ, ಬೀದಿ ಹಾಡುಗಾರನ ಲಘುತನ. ಅದೇ ಸೆಟ್ಟು, ಅದೇ ಕೊಲೆಗಾರ. ಒಂದು ನೋಡಿದ್ರೆ ಭಯ ಆಗುತ್ತೆ, ಇನ್ನೊಂದು ನೋಡಿದ್ರೆ ಜೇಬು ಕಳ್ಳನ ಥರ ಕಾಣ್ತಾನೆ.

ಗಾಂಧಿನಗರ_ಗಿರಾಕಿ
ಅಂದ್ರೆ ರೀಮೇಕ್ ಅನ್ನಿ. ಸುತ್ತಿ ಬಳಸಿ ಅಲ್ಲಿಗೇ ಬಂದ್ರಿ.

ರೀಲು_ರಂಗಣ್ಣ
ಅಲ್ಲ. ಒಂದೇ ಕಾಲಕ್ಕೆ, ಒಂದೇ ಸೆಟ್ಟಿನಲ್ಲಿ ಆದದ್ದು ಜೋಡಿ ರೂಪ. ‘ವಿಕ್ಟರ್ ಉಂಡ್ ವಿಕ್ಟೋರಿಯಾ’ (1933) ಮತ್ತು ಫ್ರೆಂಚಿನ ‘ಜಾರ್ಜ್ ಎ ಜಾರ್ಜೆಟ್’ ಜೋಡಿ. ಎರಡು ವರ್ಷ ಬಿಟ್ಟು ಬ್ರಿಟನ್ನಿನಲ್ಲಿ ಜೆಸ್ಸಿ ಮ್ಯಾಥ್ಯೂಸ್ ಮಾಡಿದ ‘ಫರ್ಸ್ಟ್ ಎ ಗರ್ಲ್’ ರೀಮೇಕು.

ಶಿರಸಿ_ಮಾಣಿ
‘ಡಿ ಪ್ರಿವಾಟ್‌ಸೆಕ್ರೆಟೇರಿನ್’ (1931) ಯಾವ ಲೆಕ್ಕಕ್ಕೆ ಹಾಕ್ತೀರಿ ಹಾಗಾದ್ರೆ? ಅದೇ ವರ್ಷ ಬ್ರಿಟನ್ನಿನಲ್ಲಿ ವಿಕ್ಟರ್ ಸ್ಯಾವಿಲ್ ‘ಸನ್‌ಶೈನ್ ಸೂಸಿ’ ತೆಗೆದ. ಊರು ಬೇರೆ, ನಿರ್ದೇಶಕ ಬೇರೆ, ನಾಯಕಿ ಮಾತ್ರ ಅದೇ ರೆನಾಟೆ ಮ್ಯುಲ್ಲರ್. ಇಟಲಿಯಲ್ಲಿ ಎಲ್ಸಾ ಮೆರ್ಲಿನಿ ಬಂದ್ಲು, ಫ್ರೆಂಚಿನಲ್ಲಿ ಮಾರೀ ಗ್ಲೋರಿ. ನಿಮ್ಮ ಗೆರೆ ಅಳಿಸಿ ಹೋಯ್ತಲ್ಲ.

ರೀಲು_ರಂಗಣ್ಣ
ಅಳಿಸಿ ಹೋಯ್ತು, ಒಪ್ಪಿದೆ. ಅದಕ್ಕೆ ನಡುವೆ ಒಂದು ಬೆಂಚು ಹಾಕೋಣ.

ಸ್ವರಸ್ಥಾನ
ಮೂರು ಭಾಷೆಯ ಪೂರ್ತಿ ಮಾದರಿ ಬೇಕಂದ್ರೆ ‘ಡೆರ್ ಕಾಂಗ್ರೆಸ್ ಟಾಂಟ್ಸ್’ (1931), ಎರಿಕ್ ಶರೆಲ್ ನಿರ್ದೇಶನ. ಹಾರ್ವೆ ಮೂರರಲ್ಲೂ. ರಷ್ಯದ ಝಾರ್ ಆಗಿ ಜರ್ಮನಿನಲ್ಲಿ ಫ್ರಿಟ್ಷ್, ಫ್ರೆಂಚಿಗೂ ಇಂಗ್ಲಿಷಿಗೂ ಗಾರಾ. ಆಸ್ಟ್ರಿಯದ ಮಂತ್ರಿ ಮೆಟರ್‌ನಿಕ್ ಪಾತ್ರಕ್ಕೆ ಜರ್ಮನ್, ಇಂಗ್ಲಿಷಿನಲ್ಲಿ ಕಾನ್ರಾಡ್ ವೈಟ್. ಅಂದ್ರೆ ಭಾಷೆಗೊಂದು ತಂಡ ಅಲ್ಲ, ಯಾರಿಗೆ ಯಾವ ಭಾಷೆ ಬರುತ್ತೋ ಅವರನ್ನ ಉಳಿಸಿ ಉಳಿದವರನ್ನ ಬದಲಿಸೋ ಲೆಕ್ಕಾಚಾರ. ಸಾರೋಟಿನ ಹಾಡು ನೋಡಿ. ಕ್ಯಾಮೆರಾ ಜೊತೆಜೊತೆಗೇ ಓಡುತ್ತೆ, ಪೇಟೆ, ಜನ, ಸೇತುವೆ ದಾಟುತ್ತೆ, ಹಾರ್ವೆ ಎದ್ದು ನಿಂತು ಹಾಡ್ತಾಳೆ. ಹಿನ್ನೆಲೆ ಜನ ತಪ್ಪು ಹೆಜ್ಜೆ ಹಾಕಿದ್ರೆ ಪೂರ್ತಿ ಮತ್ತೆ. ಅದನ್ನ ಭಾಷೆಗೊಂದು ಸಲ!

ಗಾಂಧಿನಗರ_ಗಿರಾಕಿ
ಸರಿ, 1933ಕ್ಕೆ ಹಿಟ್ಲರ್ ಬಂದ, ಡಬ್ಬಿಂಗೂ ಸುಧಾರಿಸ್ತು, ಎಲ್ಲ ಮುಗೀತು. ಅಲ್ವಾ?

ಕತ್ತರಿ_ಅಂಟು
ಮುಗೀಲಿಲ್ಲ, ತೆಳುವಾಯ್ತು. ಎಂಜಿಎಂನ ‘ದಿ ಮೆರಿ ವಿಡೋ’ 1934ರದ್ದು, ಲುಬಿಚ್ ನಿರ್ದೇಶನ, ಶೆವಾಲಿಯೇ ಮತ್ತು ಜನೆಟ್ ಮ್ಯಾಕ್‌ಡೊನಾಲ್ಡ್ ಇಬ್ಬರೂ ಫ್ರೆಂಚ್ ರೂಪದಲ್ಲೂ ಇದಾರೆ. 1935ರಲ್ಲಿ ‘ಫೋಲಿ ಬೆರ್ಜೇರ್’ಗೂ ಫ್ರೆಂಚ್ ರೂಪ ಆಯ್ತು. ಜ್ವಾಂವೀಲ್ ಮಾತ್ರ 1932ರ ಹೊತ್ತಿಗೇ ಡಬ್ಬಿಂಗ್ ಕೆಲಸಕ್ಕೆ ತಿರುಗಿತ್ತು.

ಹಿಟ್ಲರ್ ವಿಷಯ ಬೇರೆ ಥರ ಸರಿ. ಟಾಂಕ್‌ಸ್ಟೆಲೆಯನ್ನ 1937ರಲ್ಲಿ ಜರ್ಮನಿಯಲ್ಲಿ ನಿಷೇಧ ಮಾಡಿದ್ರು. ಸಂಗೀತ ಬರೆದ ಹೈಮನ್ ಯಹೂದಿ, ದೇಶ ಬಿಟ್ಟ. ಅದರಲ್ಲಿ ವಕೀಲನ ಪಾತ್ರ ಮಾಡಿದ ಕುರ್ಟ್ ಗೆರಾನ್‌ನನ್ನ 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಆ ದಪ್ಪ ವಕೀಲ ಬಂದಾಗೆಲ್ಲ ಸಭೆ ನಗುತ್ತೆ. ಪರಿಚಯ ಪತ್ರದಲ್ಲಿ ಒಂದು ಸಾಲು ಹಾಕಿ, ಬಿಳಿಪರದೆಯವರೇ.

ಬಿಳಿಪರದೆ
ಹಾಕ್ತೀನಿ.

ಧಾರವಾಡ_ಪೇಢೆ
ನಮ್ಮ ಕಡೆ ನೋಡಿದ್ರ ಇದs ಪದ್ಧತಿ ಕೊಲ್ಲಾಪುರದಾಗ ನಡೀತಿತ್ತಲ್ರಿ. ಪ್ರಭಾತ ಸಿನಿಮಾ ಕಂಪನಿಯವರು 1932ರಾಗ ‘ಅಯೋಧ್ಯೇಚಾ ರಾಜಾ’ ಮರಾಠಿ ಒಂದು, ಹಿಂದಿ ಒಂದು, ಎರಡೂ ಶಾಂತಾರಾಮರು ತೆಗೆದದ್ದು, ಎರಡರಾಗೂ ದುರ್ಗಾ ಖೋಟೆ. ಕನ್ನಡದ ‘ಸತಿ ಸುಲೋಚನಾ’ (1934) ಸುದ್ದಾ ಕೊಲ್ಲಾಪುರದಾಗs ಆದದ್ದು. ಅದು ಬೆಂಗಳೂರಾಗ ತೆರೆಕಂಡ ಟಾಕೀಸಿನ ಹೆಸರು ಪ್ಯಾರಾಮೌಂಟ್, ಜ್ವಾಂವೀಲಿಗೆ ಸಂಬಂಧ ಇಲ್ಲ ಮತ್ತ!

ಗಾಂಧಿನಗರ_ಗಿರಾಕಿ
ಡಬ್ಬಿಂಗ್ ಅಂದ್ರೆ ಕನ್ನಡದವರಿಗೆ ಆಗಲ್ಲ ಅಂತಾರೆ, ಆದ್ರೆ ಭಾರತದಲ್ಲಿ ಡಬ್ಬಿಂಗ್ ಶುರುವಾಗಿದ್ದೇ ಕನ್ನಡ ಸಿನಿಮಾದಿಂದ. 1943ರ ‘ಸತ್ಯ ಹರಿಶ್ಚಂದ್ರ’ವನ್ನ ಎವಿಎಂನ ಮೆಯ್ಯಪ್ಪನ್ ಅವರು ತಮಿಳಿಗೆ ಡಬ್ ಮಾಡಿ 1944ರಲ್ಲಿ ಬಿಟ್ರು. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಬಾಯಲ್ಲಿ ತಮಿಳು.

ಮಾತ್ರೆಗಣ
ಇಲ್ಲಿಂದ ಮುಂದೆ ಡಬ್ಬಿಂಗ್ ಬೇಕೋ ಬೇಡವೋ ಅನ್ನೋ ಜಗಳಕ್ಕೆ ಹೋದ್ರೆ ಯುಗಾದಿಗೂ ಮುಗಿಯಲ್ಲ. ದಯವಿಟ್ಟು ಪೆಟ್ರೋಲ್ ಬಂಕಿಗೆ ವಾಪಸ್ ಬನ್ನಿ.

ಬಿಳಿಪರದೆ
ಬಂದೆ. ಅನುವಾದದ ಒಂದು ತಕರಾರು. ಗೆಳೆಯರು ಊರಿಂದ ವಾಪಸ್ ಬಂದ್ರೆ ಮನೆ ಸಾಮಾನೆಲ್ಲ ಜಪ್ತಿ. ಆ ಜಪ್ತಿ ಮುದ್ರೆಗೆ ಜರ್ಮನರು ‘ಕುಕುಕ್’ ಅಂತಾರೆ. ಆಮೇಲೆ ಇವರು ಕಾರು ಮಾರಿ ಇಡೋ ಬಂಕಿಗೂ ಅದೇ ಹೆಸರು. ನಾನು ‘ಕೋಗಿಲೆ ಬಂಕ್’ ಅಂತ ಬರೆದೆ. ಯಾರಿಗೂ ನಗು ಬರಲ್ಲ ಅನ್ಸುತ್ತೆ.

ಮಾತ್ರೆಗಣ
ಬರಲ್ಲ. ಕನ್ನಡದಲ್ಲಿ ಕೋಗಿಲೆ ಅಂದ ಕೂಡಲೇ ವಸಂತ, ಮಾಮರ, ಇಂಪು. ಜರ್ಮನರ ಕುಕುಕ್ ಅಣಕದ ಮಾತು: ಮುದ್ರೆ ಮೇಲಿರೋದು ಸರ್ಕಾರದ ಹದ್ದು, ಜನ ಅದನ್ನ ಬೇರೆಯವರ ಗೂಡಿಗೆ ನುಗ್ಗೋ ಹಕ್ಕಿ ಅಂತ ಗೇಲಿ ಮಾಡಿದ್ದು. ಹಕ್ಕಿ ಉಳಿಸಿ, ಕೋಗಿಲೆ ಬಿಡಿ. ಜಪ್ತಿ ದೃಶ್ಯದಲ್ಲಿ ‘ಅಮೀನರು ಹಕ್ಕಿ ಚೀಟಿ ಅಂಟಿಸಿದಾರೆ’ ಅಂತ ಒಂದು ಸಲ ಸ್ಪಷ್ಟವಾಗಿ ಕೂರಿಸಿ. ಆಮೇಲೆ ಬಂಕಿನ ಬೋರ್ಡು ಬಂದಾಗ ‘ಹಕ್ಕಿ ಚೀಟಿ ಪೆಟ್ರೋಲ್ ಬಂಕ್’. ಮೊದಲ ಸಲ ನೆಟ್ಟಿದ್ದು ಎರಡನೇ ಸಲ ನಗು ಕೊಡುತ್ತೆ.

ಶಿರಸಿ_ಮಾಣಿ
‘ಜಪ್ತಿ ಬಂಕ್’ ಸಾಕಲ್ದಾ? ಚಿಕ್ಕದು, ಓದ್ಲಿಕ್ಕೂ ಬೇಗ.

ಮಾತ್ರೆಗಣ
ಬೋರ್ಡಿನಲ್ಲಿ ಹಕ್ಕಿ ಕಂಡ್ರೆ ‘ಜಪ್ತಿ ಬಂಕ್’ ಓದಿದವನು ಅದು ಯಾಕೆ ಅಂತ ತಲೆ ಕೆರ್ಕೊಳ್ತಾನೆ.

ಕತ್ತರಿ_ಅಂಟು
ಹಾಡಿಗೆ ಸಬ್‌ಟೈಟಲ್ ಹಾಕೋವಾಗ ಪಲ್ಲವಿ ಮೊದಲ ಸಲ ಪೂರ್ತಿ ಕೊಡಿ, ಮರುಕಳಿಸಿದಾಗ ಬಿಡಿ. ಎರಡು ಸಾಲಿಗಿಂತ ಹೆಚ್ಚು ಬೇಡ. ಫೈಲನ್ನ ಯೂನಿಕೋಡಿನಲ್ಲಿ, ಯುಟಿಎಫ್-8 ಅಂತಲೇ ಉಳಿಸಿ. ಹಳೇ ನುಡಿ ಫಾಂಟಿನ ಆಸ್ಕಿಯಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಹಾಕಿದ್ರೆ ಪರದೆ ಮೇಲೆ ಬರೋದು ಬರೀ ಕಸ. ಒತ್ತಕ್ಷರ ಒಡೆದು ಪಕ್ಕಪಕ್ಕ ನಿಂತ್ರೆ ಫಾಂಟು ಅಥವಾ ಪ್ಲೇಯರಿನ ತಪ್ಪು. ನೋಟೋ ಸ್ಯಾನ್ಸ್ ಕನ್ನಡ ಹಾಕಿ ನೋಡಿ. ‘ಫ್ರಿಟ್ಷ್’ ಅನ್ನೋ ಹೆಸರು ಸರಿಯಾಗಿ ಬಂತು ಅಂದ್ರೆ ಉಳಿದದ್ದೆಲ್ಲ ಬಂದಂಗೆ.

ಬಿಳಿಪರದೆ
46080 ಹಾಕಿದ ಮೇಲೆ ಎರಡೂ ಕಾಪಿಯ ವಾದ್ಯ ಒಂದೇ ಶ್ರುತಿಗೆ ಕೂತವು. ‘ಹಕ್ಕಿ ಚೀಟಿ’ಯೇ ಇರಲಿ. ಯಾವುದನ್ನ ಮೊದಲು ತೋರಿಸ್ಲಿ?

ಹಳೇ_ಪ್ರೊಜೆಕ್ಟರ್
ಎರಡನ್ನೂ ಪೂರ್ತಿ ತೋರಿಸಬೇಡಿ, ಮೂರೂಕಾಲು ಗಂಟೆ ಯಾರು ಕೂರ್ತಾರೆ? ಜರ್ಮನ್ ಪೂರ್ತಿ, ಆಮೇಲೆ ಫ್ರೆಂಚಿನಿಂದ ಗೆಳೆಯರ ಹಾಡು, ಜಪ್ತಿ ದೃಶ್ಯ, ಕೊನೆಯ ದೃಶ್ಯ. ಕೊನೆಯದಂತೂ ಬಿಡಬೇಡಿ. ಕತೆ ಮುಗಿದ ಮೇಲೆ ಹಾರ್ವೆ, ನಾಯಕ ಪರದೆ ಮುಂದೆ ಬಂದು ನೋಡಿದ್ರೆ ಜನ ಇನ್ನೂ ಎದ್ದಿಲ್ಲ, ಫಿನಾಲೆ (ಕೊನೆಯ ದೊಡ್ಡ ಹಾಡು-ಕುಣಿತ) ಬೇಕು ಅಂತ ಕೂತಿದಾರೆ.

ಧಾರವಾಡ_ಪೇಢೆ
ಹಂಗಾದ್ರ ಲೈಟ್ ಹಾಕೋ ಹುಡುಗಗ ಮೊದಲs ಹೇಳಿಡ್ರಿ. ಜೋಡಿ ಪರದೆ ಮುಂದ ಬಂದ ಕೂಡ್ಲೇ ಮುಗೀತು ಅಂತ ಲೈಟ್ ಹಾಕಿಬಿಟ್ಟಾನು.